ಕಣ್ಣಿಗೆ ಬಿದ್ದ ತೋಳ

ವಳಸಂಗದ ಮಡ್ಡಿಯ ಕಲ್ಲು ಬಯಲಿನಲ್ಲಿ ಕುರಿ ಕಾಯುವ ನಮ್ಮ ಮನೆತನದ ರೂಢಿ ಒಂದೇ: ತೋಳ ಕಂಡರೆ ಒಬ್ಬರು ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಕಂಡ ತೋಳ ನಮ್ಮನ್ನು ತನ್ನತ್ತ ಸೆಳೆಯುತ್ತದೆ, ಕಾಣದ್ದು ಕುರಿ ಒಯ್ಯುತ್ತದೆ.

ಬರ್ಮಾ ಯುದ್ಧದಿಂದ ಮರಳಿದ ಅಣ್ಣ ಬಂದೂಕು ಕೊಂಡ. "ಬಡಿಗಿ ಕಾಲ ಮುಗೀತು, ಯಪ್ಪಾ," ಎಂದು ಅಪ್ಪನ ಕೈಯ ಬಡಿಗೆ ನೋಡಿ ನಗುತ್ತಿದ್ದ. ನನಗೆ ಆ ಬಂದೂಕನ್ನು ಕಂಡರೇ ಆಗುತ್ತಿರಲಿಲ್ಲ.

ಒಂದು ಸಂಜೆ ದಿನ್ನೆಯ ಮೇಲೆ ತೋಳ ಕಾಣಿಸಿತು. ಅಣ್ಣ ಬಂದೂಕು ಹಿಡಿದು ಅತ್ತ ಓಡಿದ. ನಾಯಿಗಳೂ ಅವನ ಬೆನ್ನು ಹತ್ತಿದವು. ಅಪ್ಪನೊಬ್ಬನೇ ಬಡಿಗೆ ಹಿಡಿದು ಕುರಿಗಳ ಹಿಂದಿನ ಹಳ್ಳದ ಕಡೆ ತಿರುಗುವಷ್ಟರಲ್ಲಿ ಇನ್ನೊಂದು ತೋಳ ಗಬ್ಬದ ಕುರಿಯ ಗಂಟಲು ಹರಿದಿತ್ತು.

"ಸಣ್ಣಾಂವಿದ್ದಾಗ ಕಲಿಸಿದ್ನಲ್ಲೋ," ಅಪ್ಪ ಅಷ್ಟೇ ಅಂದ.

ಅಣ್ಣ ಸತ್ತ ಕುರಿಯ ಪಕ್ಕ ಕುಸಿದು ಕುಳಿತ. "ಬರ್ಮಾದಾಗೂ ಹಿಂಗ ಗುಂಡಿನ ಸಪ್ಪಳದ ಕಡಿ ಓಡಿದ್ವಿ, ಯಪ್ಪಾ. ವೈರಿ ಹಿಂದಿಂದ ಬಂದ. ತಿರುಗಿ ಬಂದಾಂವ ನಾ ಒಬ್ಬನ."