ಕಾಲಿಗೆ ನೀರು

೧೯೭೯ರಲ್ಲಿ ನಾನು ರಾಯಚೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕಿ. ಬಿ.ಎ. ತರಗತಿಗೆ ಫಿನಾಮಿನಾಲಜಿ, ಅಂದರೆ ಅನುಭವವನ್ನು ಇದ್ದಂತೆಯೇ ನೋಡುವ ವಿಧಾನದ, ಪಾಠ ನಡೆದಿತ್ತು. ಒಬ್ಬರ ಅನುಭವವನ್ನು ಅರಿಯಬೇಕಾದರೆ ಅದು ನಿಜವೋ ಸುಳ್ಳೋ ಎಂಬ ತೀರ್ಪನ್ನು ಮೊದಲು ತಡೆಹಿಡಿಯಬೇಕು. ಇದಕ್ಕೆ ‘ಎಪೋಕೆ’ ಎನ್ನುತ್ತಾರೆ. “ಚಪ್ಪಲಿ ಹೊರಗೆ ಬಿಟ್ಟು ಮನೆಯೊಳಗೆ ಹೋಗುತ್ತೀರಲ್ಲ, ಹಾಗೆ. ಬಿಸಾಡಬೇಕಾಗಿಲ್ಲ, ಬಿಟ್ಟರೆ ಸಾಕು,” ಎಂದೆ. ಎಲ್ಲರೂ ನಕ್ಕರು. ಮಾಳಮ್ಮ ಮಾತ್ರ ನಗಲಿಲ್ಲ.

ಅವಳು ಚೀಕಲಪರ್ವಿ ಕಡೆಯ ಕುರುಬರ ಹುಡುಗಿ. ತರಗತಿ ಮುಗಿದ ಮೇಲೆ ಮನೆಯ ಸಂಕಟ ಹೇಳಿಕೊಂಡಳು. ಅಪ್ಪ ತೀರಿ ವರ್ಷವಾಗಿತ್ತು. ಕುರಿ ಮೇಯಿಸಿ ಬಂದ ಗಂಡನಿಗೆ ಬಾಗಿಲಲ್ಲಿ ಕಾಲಿಗೆ ನೀರು ಇಡುವುದು ರೂಢಿ. ಅವ್ವ ನಿಂಗಮ್ಮ ಈಗಲೂ ದಿನಾ ಸಂಜೆ ತಂಬಿಗೆ ಇಡುತ್ತಿದ್ದಳು. ಸತ್ತ ಅಣ್ಣನ ದೆವ್ವ ಅವಳನ್ನು ಹೊಕ್ಕಿದೆ ಎಂದು ಚಿಕ್ಕಪ್ಪ ಮಲ್ಲಪ್ಪ ಬರುವ ಅಮಾವಾಸ್ಯೆಗೆ ಬರೆ ಹಾಕಿಸಲು ಗೊತ್ತುಮಾಡಿದ್ದ.

“ಮೇಡಂ, ನೀವರ ಬಂದು ಒಂದ್ ಮಾತು ಹೇಳ್ರಿ. ಅವ್ವನ ಮೈ ಸುಡತಾರ.”

ಅವಳ ಊರಿಗೆ ಹೊರಟು ಮಾನ್ವಿ ಬಸ್ಸಿನಲ್ಲಿ ಕುಳಿತಾಗ ನನ್ನ ತಲೆಯಲ್ಲೂ ‘ಭ್ರಮೆ’ ಎಂಬ ಪದ ಸಿದ್ಧವಾಗಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದಾಗಬಾರದಲ್ಲ! ಮಾಳಮ್ಮನ ಮನೆ ತಲುಪಿದಾಗ ಊರಿನವರ ‘ದೆವ್ವ’ವನ್ನೂ ನನ್ನ ‘ಭ್ರಮೆ’ಯನ್ನೂ ಚಪ್ಪಲಿಯ ಜೊತೆಗೇ ಹೊರಗೆ ಬಿಟ್ಟೆ.

ಸಂಜೆ ಮಲ್ಲಪ್ಪ ಕುರಿ ಹೊಡೆದುಕೊಂಡು ಬಂದ. ನಿಂಗಮ್ಮ ಎದ್ದು ಬಾಗಿಲಲ್ಲಿ ತಂಬಿಗೆ ಇಟ್ಟಳು. “ನೋಡ್ರಿ ಹೆಂಗದ!” ಎಂದ ಅವನು.

“ನೀರು ಇಟ್ಟಾಗ ನಿಮಗ ಏನ್ ಅನಸ್ತದ, ನಿಂಗಮ್ಮ?” ಎಂದಷ್ಟೇ ಕೇಳಿದೆ. ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ಅವ ಸತ್ತಾನಂತ ನನಗ ಗೊತ್ತಿಲ್ಲೇನ್ರೀ ಅಕ್ಕಾರ? ಕುರಿ ಬಂದ ಸಪ್ಪಳಕ್ಕ ಅವನೂ ಬಂದ ಅನಸ್ತದ. ನೀರು ಇಡದಿದ್ರ ಹಾದಿ ಕಾಕೋಂತ ಕುಂದರ್ತೀನಿ, ರೊಟ್ಟಿ ಇಳಿಯಂಗಿಲ್ಲ. ಇಟ್ರ, ನೀರು ಹಂಗ ಇರ್ತದ. ಆಗ, ಇನ್ನ ಬರಂಗಿಲ್ಲ ಅಂತ ತಿಳೀತದ. ಆಮ್ಯಾಲ ಉಣ್ತೀನಿ.”

ನನಗೆ ಅಳು ಬಂತು. ಗಂಡನನ್ನು ಕರೆಯುತ್ತಿದ್ದಾಳೆ ಎಂದು ಊರೆಲ್ಲ ಹೆದರಿತ್ತು. ಆಕೆ ದಿನವೂ ಅವನನ್ನು ಕಳಿಸಿಕೊಡುತ್ತಿದ್ದಳು.

ಮಲ್ಲಪ್ಪ ತಂಬಿಗೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. “ಅತ್ತಿಗೆವ್ವಾ, ಹಟ್ಟ್ಯಾಗ ಮಲಗುವಾಗ ನಾನೂ ಅಣ್ಣಗಂತ ಅರ್ಧಾ ಕಂಬಳಿ ಬಿಡ್ತೀನಿ. ಹಂಗಾರ ಮೊದಲ ನನಗ ಬರಿ ಹಾಕಸ್ಬೇಕು,” ಎಂದು ನಗಲು ಹೋಗಿ ಅತ್ತುಬಿಟ್ಟ. ಬರೆಯ ಮಾತು ಅಲ್ಲಿಗೇ ಮುಗಿಯಿತು. ಎಲ್ಲರೂ ತಂಬಿಗೆ ನೋಡುತ್ತ ಸ್ವಲ್ಪ ಹೊತ್ತು ಕುಳಿತೆವು. ನೀರು ಹಾಗೆಯೇ ಇತ್ತು. ಆಮೇಲೆ ಉಂಡೆವು.

ನಿವೃತ್ತಳಾಗುವವರೆಗೂ ಎಪೋಕೆಯ ಪಾಠವನ್ನು ಆ ತಂಬಿಗೆಯಿಂದಲೇ ಶುರುಮಾಡುತ್ತಿದ್ದೆ. ಇನ್ನೊಬ್ಬರ ನೋವಿಗೆ ಹೆಸರಿಡುವ ಮೊದಲು, ನಿಮಗೆ ಏನು ಅನಿಸುತ್ತದೆ ಎಂದು ಕೇಳಬೇಕು. ಕೇಳಿ, ಸುಮ್ಮನೆ ಕೂರಬೇಕು. ಇಷ್ಟು ವರ್ಷ ಕಲಿಸಿದ ಮೇಲೆ ನನ್ನಲ್ಲಿ ಉಳಿದ ತತ್ತ್ವಶಾಸ್ತ್ರ ಇಷ್ಟೇ.