ಪಂಪ್‌ಹೌಸಿನ ಗುಂಡಿಯ ಬಿಟ್

ಹೊಸ ಅಗ್ರಹಾರದ ಆಚೆ ಗದ್ದೆಗಳಿಗೆ ನೀರೆತ್ತುವ ಒಂದು ಪಂಪ್‌ಹೌಸ್ ಇದೆ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹುಣಸೂರಿನಿಂದ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಪಂಪ್ ನಡೆಸುತ್ತಿದ್ದವರು ಮಾತು ಕಡಿಮೆಯ ಹಿರಿಯರು. ತಾವು ಅಲ್ಲೇ ಇರುವುದನ್ನು ತಿಳಿಸಲು ಅವರು ಗಂಟೆಗೊಮ್ಮೆ ಗೋಡೆಯ ಹಸಿರು ಗುಂಡಿ ಒತ್ತಬೇಕಿತ್ತು. ಊಟದ ನಡುವೆಯೂ ಎದ್ದು ಹೋಗಿ ಎಡಗೈಯಲ್ಲಿ ಒತ್ತಿ ಬರುತ್ತಿದ್ದರು. ಒಂದು ಮಧ್ಯಾಹ್ನ ಅಲ್ಲೇ ಕುರ್ಚಿಯಲ್ಲಿ ಎದೆನೋವು ಬಂದು ತೀರಿಕೊಂಡರು.

ತಿಥಿ ಮುಗಿಯುವವರೆಗೆ ಪಂಪ್‌ಹೌಸಿಗೆ ಬೀಗ ಬಿತ್ತು; ಒಳಗಿನ ಕಂಪ್ಯೂಟರ್ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಕೆಲಸ ಅವರ ಹೆಂಡತಿಗೆ ಸಿಕ್ಕಿತು. ಅದೇ ವೇಳೆಗೆ ಕಚೇರಿಯವರು, ಕಂಪ್ಯೂಟರ್ ಗಂಟೆಗೊಂದು ಸಾಲಿನಂತೆ ಬರೆದಿಟ್ಟ ಹಳೆಯ ಲಾಗ್ ಅಷ್ಟನ್ನೂ ಎಕ್ಸೆಲ್‌ನಲ್ಲಿ ಕೇಳಿದರು.

ಜಾಗ ಉಳಿಸಲೆಂದು ಆ ಕಂಪ್ಯೂಟರ್, ಬಾಗಿಲು ತೆರೆದಿದೆಯೇ, ಮೋಟಾರ್ ಓಡುತ್ತಿದೆಯೇ, ಗುಂಡಿ ಒತ್ತಿದ್ದಾರೆಯೇ ಎಂಬುದನ್ನೆಲ್ಲ ಒಂದೇ ಸಂಖ್ಯೆಯೊಳಗೆ ತುರುಕಿಡುತ್ತಿತ್ತು. ಒಂದೊಂದಕ್ಕೂ ಒಂದು ಬಿಟ್: ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಆ ಸಂಖ್ಯೆಯನ್ನು ಬಿಡಿಸಿ ಬೇರೆ ಬೇರೆ ಕಾಲಮ್ಮಿಗೆ ಹಾಕುವ ಪುಟ್ಟ ಪ್ರೋಗ್ರಾಂ ಬರೆದೆ. ಹಾಳೆ ತೆರೆದಾಗ ಬೀಗ ಹಾಕಿದ್ದ ದಿನಗಳ ಮೇಲೆ ಕಣ್ಣು ನಿಂತಿತು. ಬಾಗಿಲು ಸೊನ್ನೆ, ಮೋಟಾರ್ ಸೊನ್ನೆ. ಗುಂಡಿಯ ಕಾಲಮ್ಮಿನಲ್ಲಿ ಮಾತ್ರ ಗಂಟೆಗೊಮ್ಮೆ ಒಂದು.

ಬಿಟ್‌ಗಳನ್ನು ತಪ್ಪು ತುದಿಯಿಂದ ಎಣಿಸಿರಬೇಕು ಎಂದುಕೊಂಡೆ. ಮೂಲ ದಾಖಲೆ ತೆಗೆದು ಕೈಯಲ್ಲೇ ಬಿಡಿಸಿ ನೋಡಿದೆ. ತಪ್ಪಿರಲಿಲ್ಲ.

ಮರುದಿನ ಹೋದಾಗ ಆ ಹಿರಿಯರ ಹೆಂಡತಿ ಕಸ ಗುಡಿಸುತ್ತಿದ್ದರು.

“ಗುಂಡಿ ಕೆಟ್ಟಿದೆಯೇನೋ ನೋಡ್ತೀನಿ ಅಕ್ಕ. ಈ ಸಲ ನೀವು ಒತ್ತಬೇಡಿ,” ಎಂದು ಅದರ ವೈರುಗಳನ್ನು ಕಿತ್ತು ಕೈಯಲ್ಲಿ ಹಿಡಿದು ಪರದೆಯ ಮುಂದೆ ಕೂತೆ. ಗಂಟೆ ತುಂಬಿತು. ಹೊಸ ಸಾಲು ಬಂತು. ಬಿಡಿಸಿ ನೋಡಿದೆ. ಗುಂಡಿಯ ಜಾಗದಲ್ಲಿ ಒಂದು. ಕೈಯಲ್ಲಿದ್ದ ವೈರುಗಳನ್ನು ಮತ್ತೊಮ್ಮೆ ನೋಡಿಕೊಂಡೆ.

ಆಕೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು. “ಒತ್ತುದ್ರಾ?”

“ಯಾರು ಅಕ್ಕ?”

“ನಂಗೊತ್ತು ಕಣಪ್ಪ. ನಾನು ಒತ್ತಕ್ಕೋದಾಗೆಲ್ಲ ಗುಂಡಿ ಬೆಚ್ಚಗಿರ್ತದೆ. ಈಗ್ತಾನೆ ಯಾರೋ ಬೆರಳಿಟ್ಟು ತಗ್ದಂಗೆ.”

“ಕಂಪ್ಯೂಟರ್ ಬದಲಾಯಿಸಿದ್ರೆ ನಿಲ್ಲಬಹುದು. ನೀವು ಬೇಡ ಅಂದ್ರೆ ಇದನ್ನೇ ಇಡ್ತೀನಿ,” ಎಂದೆ.

ಆಕೆ ಪೊರಕೆಯನ್ನು ಮೂಲೆಗಿಟ್ಟರು. “ಬದಲಾಯ್ಸ್ಬುಡಿ. ಸತ್ತ್ ಮೇಲೂ ಡ್ಯೂಟಿ ಮಾಡ್ಬೇಕಾ? ಇನ್ನಾದ್ರೂ ಕಣ್ಮುಚ್ಚಿ ಮನೀಕಳ್ಳಿ ಅವ್ರು.”

ಆ ವಾರವೇ ಬೇರೆ ಯಂತ್ರ ತಂದು ಜೋಡಿಸಿದೆ, ವೈರು ಕೂಡ ಹೊಸದು. ಇಬ್ಬರೂ ಕಾದೆವು. ಗಂಟೆ ತುಂಬಿದಾಗ ಬಂದ ಸಾಲಿನಲ್ಲಿ ಗುಂಡಿಯ ಜಾಗ ಸೊನ್ನೆ. “ಇಲ್ಲ ಅಕ್ಕ,” ಎಂದೆ. ಆಕೆ ಎದ್ದು ಹೋಗಿ ತಾವೇ ಒತ್ತಿದರು. ಆಮೇಲೆ ಬೆರಳು ತೆಗೆಯದೆ, ಗೋಡೆಗೆ ಹಣೆಯಾನಿಸಿ ಅತ್ತರು. ಗಂಡ ಹೋದ ಮೇಲೆ ಆಕೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಹಳೆಯ ಲಾಗನ್ನು ಇದ್ದಂತೆಯೇ ಕಚೇರಿಗೆ ಕಳಿಸಿದೆ, ಒಂದು ಬಿಟ್ಟನ್ನೂ ತಿದ್ದಲಿಲ್ಲ. ಬೀಗ ಬಿದ್ದ ಕೋಣೆಯಲ್ಲಿ ಗುಂಡಿ ಒತ್ತಿದವರು ಯಾರೆಂದು ಇವತ್ತಿನವರೆಗೆ ಅಲ್ಲಿಂದ ಯಾರೂ ಕೇಳಿಲ್ಲ.