ಬಲೆಯ ಮೇಲೆ ನಿಲ್ಲದ ಹುಳುಗಳು

ಸರೋವರದ ಅಸೆಂಬೊ ದಡದಲ್ಲಿ ಒಮೆನಾ ಒಣಗಿಸುವುದರಲ್ಲಿ ಅಲುವೊಚ್‌ಳನ್ನು ಸರಿಗಟ್ಟುವವರಿರಲಿಲ್ಲ. ಬೆರಳುದ್ದದ ಆ ಬೆಳ್ಳಿ ಮೀನನ್ನು ಹಳೆಯ ಬಲೆಯ ಮೇಲೆ ತೆಳ್ಳಗೆ ಹರಡುವುದು, ಬಿಸಿಲೇರಿದಾಗ ಮಗುಚುವುದು. ಹದಿನೆಂಟು ವರ್ಷ ಅವಳು ಮಾಡಿದ್ದು ಇದನ್ನೇ. ಮದುವೆಯಾಗಿ ಬಂದಂದಿನಿಂದ ಎಲ್ಲರೂ ಅವಳನ್ನು ತವರೂರಿನ ಹೆಸರು ಹಿಡಿದು 'ಉಯೋಮಾದವಳೇ' ಎಂದೇ ಕರೆಯುತ್ತಿದ್ದರು.

ಆದರೆ ಮೀನು ಮರಿ ಮಾಡುವ ಕಾಲವೆಂದು ವರ್ಷದಲ್ಲಿ ನಾಲ್ಕು ತಿಂಗಳು ಒಮೆನಾ ಹಿಡಿಯುವಂತಿಲ್ಲ. ಈ ಸಲ ಆ ತಿಂಗಳುಗಳಲ್ಲಿ ಅವಳು ಮೀನಿನ ಮೇವಿಗೆಂದು ಹುಳು ಸಾಕಿದಳು. ಕಪ್ಪು ನೊಣದ ಮೊಟ್ಟೆಗಳನ್ನು ತಂದು, ಸಂತೆಯ ಕೊಳೆತ ಮಾವು, ಸೊಪ್ಪು ಹಾಕಿ ಬೆಳೆಸಿದಳು.

ಸರೋವರದಲ್ಲಿ ಪಂಜರ ಕಟ್ಟಿ ತಿಲಾಪಿಯಾ ಮೀನು ಸಾಕುವ ಓಬುಯಾ ಹೇಳಿದ್ದ: "ಶನಿವಾರ ಒಂದು ಬೋಗುಣಿ ಒಣಹುಳ ತಗೊಂಬಾ. ಮೀನು ತಿಂದ್ರೆ ಇನ್ಮೇಲೆ ಮೇವು ನಿನ್ನ ಹತ್ರಾನೇ. ತಿನ್ನದಿದ್ರೆ ನಾನು ಬೇರೆ ದಾರಿ ನೋಡ್ಕೋತೀನಿ."

ಹುಳುಗಳನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕೆಂದು ಮೊಟ್ಟೆ ಕೊಟ್ಟ ಹೆಂಗಸು ಹೇಳಿದ್ದಳು. ಒಮೆನಾವನ್ನು ಯಾರಾದರೂ ಬೇಯಿಸಿ ಒಣಗಿಸುತ್ತಾರೆಯೇ ಎಂದುಕೊಂಡ ಅಲುವೊಚ್, ಗುರುವಾರ ಬೆಳಿಗ್ಗೆ ಕೊಬ್ಬಿದ ಹುಳುಗಳನ್ನು ಬಲೆಯ ಮೇಲೆ ನೀಟಾಗಿ ಹರಡಿ, ನೀರು ತರಲು ಹೋದಳು.

ಬರುವಷ್ಟರಲ್ಲಿ ಬಲೆ ಅರ್ಧ ಬರಿದಾಗಿತ್ತು. ಬಿಸಿಲು ತಾಗಿದ್ದೇ ತಡ, ಹುಳುಗಳು ಬಲೆಯ ಕಣ್ಣುಗಳಲ್ಲಿ ನುಸುಳಿ ಕಲ್ಲಿನಡಿಗೆ, ಹುಲ್ಲಿನ ಬುಡಕ್ಕೆ ಸರಿದಿದ್ದವು. ಕೋಳಿಗಳಿಗಂತೂ ಹಬ್ಬ.

ಅತ್ತೆ ಡೊರ್ಕಾಸ್ ಬಾಗಿಲಲ್ಲಿ ನಿಂತು ನಕ್ಕಳು. "ಏನೇ ಉಯೋಮಾದವಳೇ, ನಿನ್ನ ಮೀನಿಗೆ ಕಾಲು ಬಂತೇನೇ?"

"ನಗಬೇಡಿ ಅತ್ತೆ, ಇದೆಲ್ಲಾ ಶನಿವಾರಕ್ಕೆ ಇಟ್ಟಿದ್ದು."

"ನಗೋದು ಆಮೇಲೆ. ಮೊದಲು ಆ ಕೋಳಿ ಅಟ್ಟು. ನಾನು ಒಲೆ ಹಚ್ತೀನಿ."

ಇಬ್ಬರೂ ಮಂಡಿಯೂರಿ ಕಲ್ಲುಗಳನ್ನು ಎತ್ತಿ ಸಿಕ್ಕಷ್ಟನ್ನು ಆರಿಸಿದರು. ಕುದಿನೀರಿನಲ್ಲಿ ಅದ್ದಿ ತೆಗೆದ ಮೇಲೆ ಹುಳುಗಳು ಬಲೆಯ ಮೇಲೆ ಒಮೆನಾದಂತೆಯೇ ಸುಮ್ಮನೆ ಬಿದ್ದುಕೊಂಡವು. ಶುಕ್ರವಾರ ಸಂಜೆಗೆ ಗರಿಗರಿಯಾಗಿ ಒಣಗಿದ್ದು ಅರ್ಧ ಬೋಗುಣಿ.

ಶನಿವಾರ ದೋಣಿಯಲ್ಲಿ ಕೂತಾಗ ಓಬುಯಾ ಬೋಗುಣಿಯೊಳಗೆ ಇಣುಕಿದ. "ಉಳಿದರ್ಧ ನೀನೇ ತಿಂದ್ಯಾ?"

"ಕೋಳಿ ತಿಂದ್ವು. ನನ್ನದೇ ತಪ್ಪು, ಜೀವ ಇದ್ದಾಗ್ಲೇ ಬಿಸಿಲಿಗೆ ಹಾಕ್ಬಿಟ್ಟೆ."

ಅವನು ಒಂದು ಹಿಡಿ ಪಂಜರದೊಳಗೆ ಎರಚಿದ. ಹುಳುಗಳು ತೇಲಿದವು. ಮೀನು ಒಂದೂ ಮೇಲೆ ಬರಲಿಲ್ಲ. ಅಲುವೊಚ್ ಬೋಗುಣಿಯ ಅಂಚನ್ನು ಬಿಗಿಯಾಗಿ ಹಿಡಿದು ನೀರನ್ನೇ ನೋಡುತ್ತಿದ್ದಳು. ಕೊನೆಗೆ ಒಂದು ಬಾಯಿ ನೀರಿನ ಮೇಲೆ ತೆರೆದು ಮುಚ್ಚಿತು. ಆಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ಪಂಜರದ ನೀರೆಲ್ಲ ಕುದಿದಂತಾಯಿತು. ಒಂದು ಹುಳುವೂ ತೇಲುತ್ತ ಉಳಿಯಲಿಲ್ಲ.

ಓಬುಯಾ ಮತ್ತೆ ಬೋಗುಣಿಗೆ ಕೈ ಹಾಕಿದಾಗ ಅವಳು ಅದನ್ನು ಹಿಂದಕ್ಕೆಳೆದಳು. "ಉಳಿದದ್ದು ನಾಳೆ, ನಾಡಿದ್ದು ಹಾಕಿ. ಹಸಿವಿಗೆ ತಿಂದ್ವೋ, ರುಚಿಗೆ ತಿಂದ್ವೋ ಗೊತ್ತಾಗ್ಲಿ."

"ನನಗೆ ಗೊತ್ತಾಯ್ತಮ್ಮ. ಮುಂದಿನ ಶನಿವಾರ ಒಂದು ಚೀಲ ತಾ."

ಹೂಂ ಎನ್ನುವುದು ಸುಲಭವಿತ್ತು. ಆದರೆ ಮನೆಯಲ್ಲಿದ್ದ ಹೊಸ ಹುಳುಮರಿಗಳು ಅಕ್ಕಿಕಾಳಿಗಿಂತಲೂ ಚಿಕ್ಕವು.

"ಎರಡು ವಾರ ಬೇಕು," ಎಂದಳು.

ಅವನು ಹುಟ್ಟನ್ನು ನೀರಿಗೆ ಇಳಿಸಿದ. "ಸರಿ, ಎರಡು ವಾರ. ಆದ್ರೆ ಕೋಳಿ ಕಟ್ಟಿಹಾಕು."